ಗಾಳಿ ತಳ್ಳುವ ದಡ ಮತ್ತು ಒಂದು ಸಣ್ಣ ಹಾಯಿದೋಣಿ: ಫೋಕ್‌ಬೋಟ್‌ನ ವಿನ್ಯಾಸ, ಸಮುದ್ರಯೋಗ್ಯತೆ

ಇಬ್ಬರು ಮೂವರು ಒಳಗೇ ಉಂಡು ಮಲಗಿಕೊಂಡು, ದಡದಿಂದ ಬಹಳ ದೂರ ಸರಿಯದೆ, ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಸಾಗಲೆಂದು ಕಟ್ಟಿದ ಸಣ್ಣ ದೋಣಿಯನ್ನು ಕರಾವಳಿ ಪಯಣದ ಹಾಯಿದೋಣಿ ಎನ್ನುತ್ತಾರೆ. ಮಹಾಸಾಗರ ದಾಟುವ ದೋಣಿಗೆ ಬೇಕಾದ ಗಟ್ಟಿತನ ಇಂಥದ್ದಕ್ಕೆ ಬೇಕಿಲ್ಲವೆಂಬ ಅಭಿಪ್ರಾಯ ಸಾಮಾನ್ಯವಾಗಿದ್ದರೂ ಅದು ಅರ್ಧ ಮಾತ್ರ ನಿಜ. ನಡುಗಡಲಿನಲ್ಲಿ ಬಿರುಗಾಳಿಗೆ ಸಿಕ್ಕ ದೋಣಿಗೆ ಗಾಳಿ ಒಯ್ದತ್ತ ತೇಲಿಹೋಗಲು ನೂರಾರು ಮೈಲಿ ಜಾಗವಿರುತ್ತದೆ. ದಡದ ಬಳಿಯ ದೋಣಿಗೆ ಆ ಜಾಗವಿಲ್ಲ, ಅದರ ಒಂದು ಮಗ್ಗುಲಿಗೆ ಬಂಡೆ ಅಥವಾ ಮರಳದಿಬ್ಬ ಇದ್ದೇ ಇರುತ್ತದೆ, ನೀರಿನ ಆಳ ಕಡಿಮೆಯಾದಂತೆ ಅಲೆ ಕಡಿದಾಗಿ ಒಡೆಯುತ್ತದೆ, ಭರತ ಇಳಿತಗಳ ಸೆಳೆತ ಗಾಳಿಗೆ ಎದುರಾದಲ್ಲಿ ನೀರು ಇನ್ನಷ್ಟು ಒರಟಾಗುತ್ತದೆ. ಗಾಳಿ ಯಾವ ದಡದ ಕಡೆಗೆ ಬೀಸುತ್ತಿದೆಯೋ ಆ ದಡವೇ ಹಾಯಿ ನಂಬಿದವರ ಮೊದಲ ಶತ್ರು. ಮುಂಗಾರಿನ ನೈಋತ್ಯ ಗಾಳಿಗೆ ಕಾರವಾರದಿಂದ ಉಳ್ಳಾಲದವರೆಗಿನ ಇಡೀ ತೀರವೇ ಅಂಥ ದಡವಾಗುವುದರಿಂದ, ಮಳೆಗಾಲದಲ್ಲಿ ದೋಣಿಗಳನ್ನು ಮರಳಿನ ಮೇಲೆ ಎಳೆದಿಡುವ ನಮ್ಮ ಕರಾವಳಿಯವರ ರೂಢಿಗೆ ಈ ಕಾರಣವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಆದ್ದರಿಂದ ಕರಾವಳಿ ದೋಣಿಯ ಸಮುದ್ರಯೋಗ್ಯತೆಯನ್ನು ಅಳೆಯುವಾಗ ಮೊದಲು ಕೇಳಬೇಕಾದದ್ದು ಅದು ಮಗುಚೀತೇ ಎಂಬುದಕ್ಕಿಂತ, ಗಾಳಿ ಜೋರಾಗಿ ದಡದತ್ತ ತಳ್ಳುತ್ತಿರುವಾಗ ಯಂತ್ರದ ನೆರವಿಲ್ಲದೆ, ಕುಗ್ಗಿಸಿದ ಹಾಯಿಯಲ್ಲಿ, ಗಾಳಿಗೆ ಎದುರಾಗಿ ದಡದಿಂದ ದೂರ ಸರಿಯಬಲ್ಲದೇ ಎಂಬ ಪ್ರಶ್ನೆ. ಮಗುಚುವಿಕೆಯ ಪ್ರಶ್ನೆ ಎರಡನೆಯದು, ಒಳಗೆ ನೀರು ನುಗ್ಗದಂತೆ ತಡೆಯುವ ಪ್ರಶ್ನೆ ಮೂರನೆಯದು. ಮೂರನ್ನೂ ಒಂದೇ ದೋಣಿಯಲ್ಲಿ ಕಾಣಬಯಸುವವರಿಗೆ ಉತ್ತರ ಯುರೋಪಿನ ‘ನಾರ್ಡಿಕ್ ಫೋಕ್‌ಬೋಟ್’ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ, ಮೊದಲ ಎರಡರಲ್ಲಿ ಅದು ಮಾದರಿಯಾಗಿದೆ, ಮೂರನೆಯದರಲ್ಲಿ ಅದರ ಮೂಲ ರೂಪದ ಕೊರತೆಯೇ ಪಾಠವಾಗಿದೆ.

ಈ ದೋಣಿಯ ಹುಟ್ಟು ಎರಡನೆಯ ಮಹಾಯುದ್ಧದ ನಡುವೆ ಸ್ವೀಡನ್ನಿನಲ್ಲಾಯಿತು. ಸಾಮಾನ್ಯ ಆದಾಯದವರ ಕೈಗೆಟುಕುವ, ಸ್ಪರ್ಧೆಗೂ ಕುಟುಂಬದ ಪಯಣಕ್ಕೂ ಒದಗುವ ದೋಣಿಯೊಂದು ಬೇಕೆಂದು ಸ್ಕ್ಯಾಂಡಿನೇವಿಯದ ಹಾಯಿದೋಣಿ ಒಕ್ಕೂಟವು 1941ರಲ್ಲಿ ವಿನ್ಯಾಸಗಳನ್ನು ಆಹ್ವಾನಿಸಿದಾಗ 58 ನಕ್ಷೆಗಳು ಬಂದವು. ಅವುಗಳಲ್ಲಿ ಯಾವುದೂ ಪೂರ್ತಿ ಒಪ್ಪಿಗೆಯಾಗದೆ, ಉತ್ತಮವೆನಿಸಿದ ಕೆಲವದರ ಗುಣಗಳನ್ನು ಕೂಡಿಸಿ ಹೊಸ ನಕ್ಷೆ ಬರೆಯುವ ಕೆಲಸವನ್ನು ಟೋರ್ಡ್ ಸುಂಡೆನ್ ಅವರಿಗೆ ವಹಿಸಲಾಯಿತು. ಮೊದಲ ದೋಣಿ 1942ರಲ್ಲಿ ಗೋಥೆನ್‌ಬರ್ಗಿನಲ್ಲಿ ನೀರಿಗಿಳಿಯಿತು. ಅಂದಿನಿಂದ ನಾಲ್ಕು ಸಾವಿರಕ್ಕೂ ಹೆಚ್ಚು ದೋಣಿಗಳು ಈ ನಕ್ಷೆಯಂತೆ ನಿರ್ಮಾಣಗೊಂಡಿದ್ದು, ಬಾಲ್ಟಿಕ್ ಸಮುದ್ರದ ಸುತ್ತಲಿನ ದೇಶಗಳಲ್ಲೂ ಬೇಸಗೆಯ ಮಧ್ಯಾಹ್ನಗಳಲ್ಲಿ ಬಿರುಸಾದ ಗಾಳಿ ಬೀಸುವ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲೂ ಅವು ಇಂದಿಗೂ ಓಡಾಡುತ್ತಿವೆ.

ಮೂಲ ಫೋಕ್‌ಬೋಟ್‌ನ ಉದ್ದ ಸುಮಾರು 7.6 ಮೀಟರ್, ಅಗಲ 2.2 ಮೀಟರ್, ನೀರಿನೊಳಗಿನ ಆಳ 1.2 ಮೀಟರ್, ಒಟ್ಟು ತೂಕ ಸುಮಾರು 1,930 ಕಿಲೋಗ್ರಾಂ. ಒಡಲನ್ನು ಪೈನ್ ಅಥವಾ ಲಾರ್ಚ್ ಹಲಗೆಗಳಿಂದ, ಮಂಗಳೂರು ಹೆಂಚಿನ ಹೊದಿಕೆಯಂತೆ ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಏರುವ ಹಾಗೆ ಜೋಡಿಸಿ, ಒಳಗಿನ ಓಕ್ ಪಕ್ಕೆಗಳಿಗೆ ತಾಮ್ರದ ಮೊಳೆಗಳಿಂದ ಬಿಗಿಯುತ್ತಿದ್ದರು. 1970ರ ದಶಕದಿಂದ ಗಾಜಿನ ನಾರು ಮತ್ತು ರಾಳದ ಮಿಶ್ರಣದಲ್ಲಿ, ಅಂದರೆ ಫೈಬರ್‌ಗ್ಲಾಸಿನಲ್ಲಿ, ಅದೇ ಮೆಟ್ಟಿಲು ಮೆಟ್ಟಿಲಾದ ಹೊರಮೈಯನ್ನು ಉಳಿಸಿಕೊಂಡೇ ದೋಣಿಗಳು ತಯಾರಾದವು.

ಈ ಅಳತೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತಳದ ಕಬ್ಬಿಣದ ತೂಕ. ದೋಣಿಯ ಅಡಿಯಲ್ಲಿ ಉದ್ದಕ್ಕೂ ಸಾಗಿ ಬೆನ್ನೆಲುಬಿನಂತೆ ನಿಲ್ಲುವ ಭಾಗವನ್ನು ಕೀಲ್ ಎನ್ನುತ್ತಾರೆ. ಫೋಕ್‌ಬೋಟ್‌ನ ಕೀಲಿನ ಕೆಳಗೆ ಬೋಲ್ಟುಗಳಿಂದ ಬಿಗಿದ ಎರಕದ ಕಬ್ಬಿಣವೇ ಸುಮಾರು 1,050 ಕಿಲೋಗ್ರಾಂ ಇದೆ. ದೋಣಿಯನ್ನು ನೆಟ್ಟಗೆ ನಿಲ್ಲಿಸಲೆಂದೇ ಇಟ್ಟ ಈ ತಳಭಾರ ಒಟ್ಟು ತೂಕದ ಶೇಕಡಾ 54ರಷ್ಟಾಗುತ್ತದೆ. ಇಂದಿನ ಅನೇಕ ಪಯಣದ ದೋಣಿಗಳಲ್ಲಿ ಈ ಪ್ರಮಾಣ ಶೇಕಡಾ 30ರ ಆಸುಪಾಸಿಗೆ ಇಳಿದಿರುವುದನ್ನು ನೆನೆದರೆ, ಸುಂಡೆನ್ ಅವರ ನಕ್ಷೆಯ ಬೆಲೆ ಎಲ್ಲಿದೆಯೆಂಬುದು ತಿಳಿಯುತ್ತದೆ.

ತಳಭಾರ ಕೆಲಸ ಮಾಡುವ ಬಗೆಯನ್ನು ತಿಳಿಯಲು ಎರಡು ಬಿಂದುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ದೋಣಿಯ ಎಲ್ಲ ತೂಕವೂ ಕೇಂದ್ರೀಕರಿಸಿದಂತೆ ಕೆಳಕ್ಕೆ ಎಳೆಯುವ ಬಿಂದು ಗುರುತ್ವ ಕೇಂದ್ರ. ನೀರು ದೋಣಿಯನ್ನು ಮೇಲಕ್ಕೆ ಒತ್ತುವ ಬಲವೆಲ್ಲ ಕೂಡುವ ಬಿಂದು ಪ್ಲವನ ಕೇಂದ್ರ. ದೋಣಿ ನೆಟ್ಟಗಿರುವಾಗ ಇವೆರಡೂ ಒಂದೇ ಲಂಬ ರೇಖೆಯಲ್ಲಿರುತ್ತವೆ. ಗಾಳಿಗೆ ವಾಲಿದಾಗ ನೀರಿನಲ್ಲಿ ಮುಳುಗಿದ ಭಾಗದ ಆಕಾರ ಬದಲಾಗಿ ಪ್ಲವನ ಕೇಂದ್ರ ವಾಲಿದ ಕಡೆಗೆ ಸರಿಯುತ್ತದೆ, ಎರಡು ಬಲಗಳ ನಡುವೆ ಅಡ್ಡ ಅಂತರ ಮೂಡುತ್ತದೆ, ಆ ಅಂತರವೇ ಸನ್ನೆಯಾಗಿ ದೋಣಿಯನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಅಗಲವಾದ ಒಡಲು ಈ ಅಂತರವನ್ನು ಸಣ್ಣ ವಾಲಿಕೆಯಲ್ಲೇ ಬೇಗ ಪಡೆಯುತ್ತದೆ, ಅದರಿಂದ ಬಂದರಿನಲ್ಲಿ ಕಾಲಿಟ್ಟಾಗ ಅಲುಗದೆ ಭದ್ರವೆನಿಸುತ್ತದೆ. ಆದರೆ ವಾಲಿಕೆ 60 ಡಿಗ್ರಿ, 80 ಡಿಗ್ರಿ ದಾಟಿದಂತೆ ಆ ಭದ್ರತೆ ಕರಗುತ್ತದೆ. ಕಿರಿದಾದ, ತಳ ಭಾರವಾದ ಒಡಲು ಮೊದಲಿಗೆ ಸುಲಭವಾಗಿ ವಾಲಿದರೂ ಮುಂದೆ ಹೋದಂತೆ ಗಟ್ಟಿಯಾಗಿ ನಿಲ್ಲುತ್ತದೆ, ಏಕೆಂದರೆ ಮಗ್ಗುಲಿಗೆ ಬಿದ್ದಷ್ಟೂ ಅಡಿಯ ಕಬ್ಬಿಣ ಪಕ್ಕಕ್ಕೆ ಏರಿ ಇನ್ನೂ ಉದ್ದವಾದ ಸನ್ನೆಯಿಂದ ಕೆಳಕ್ಕೆ ಎಳೆಯುತ್ತದೆ. ದಡದಲ್ಲಿ ನಿಂತು ದೋಣಿ ನೋಡುವವರಿಗೆ ಮೊದಲ ಬಗೆಯ ಭದ್ರತೆ ಮಾತ್ರ ಅನುಭವಕ್ಕೆ ಬರುವುದರಿಂದ, ಕೊಳ್ಳುವವರು ತಪ್ಪು ದೋಣಿಯನ್ನು ಮೆಚ್ಚುವುದು ಇಲ್ಲಿಯೇ.

ಗಾಳಿಗೆ ಎದುರು ಸಾಗುವ ಶಕ್ತಿಯೂ ಇದೇ ಮೂಲದಿಂದ ಬರುತ್ತದೆ. ಯಾವ ಹಾಯಿದೋಣಿಯೂ ಗಾಳಿ ಬರುವ ದಿಕ್ಕಿಗೆ ನೇರವಾಗಿ ಸಾಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಸಾಗಬೇಕು. ಹೀಗೆ 5 ನಾಟ್ ವೇಗದಲ್ಲಿ ಓಡುವ ದೋಣಿ ಗಾಳಿಗೆ ಎದುರು ದಿಕ್ಕಿನಲ್ಲಿ ಗಳಿಸುವುದು ಗಂಟೆಗೆ ಹೆಚ್ಚೆಂದರೆ ಮೂರೂವರೆ ನಾವಿಕ ಮೈಲಿ, ಅದರಲ್ಲೂ ಅಲೆಯ ಹೊಡೆತ ಮತ್ತು ಪಕ್ಕಕ್ಕೆ ಜಾರುವಿಕೆ ಒಂದಷ್ಟನ್ನು ಕಳೆಯುತ್ತವೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುವುದರಿಂದ, ತಳಭಾರ ಸಾಲದ ದೋಣಿ ಹಾಯಿಯನ್ನು ಬೇಗ ಕುಗ್ಗಿಸಬೇಕಾಗುತ್ತದೆ. ಕುಗ್ಗಿಸಿದ ಹಾಯಿಗೆ ಎತ್ತರದ ಕೋಣೆಯ, ಎತ್ತರದ ಒಡಲಿನ ಮೇಲಿನ ಗಾಳಿಯ ಒತ್ತಡವನ್ನು ಮೀರಿ ಎಳೆಯುವ ಶಕ್ತಿ ಉಳಿಯುವುದಿಲ್ಲ, ದೋಣಿ ಮುಂದೆ ಸಾಗುತ್ತಿರುವಂತೆ ಕಂಡರೂ ಓರೆಯಾಗಿ ದಡದತ್ತಲೇ ಜಾರುತ್ತಿರುತ್ತದೆ. ಫೋಕ್‌ಬೋಟ್‌ನ ಹಾಯಿ ಒಟ್ಟು 24 ಚದರ ಮೀಟರ್, ಅದರಲ್ಲಿ 17 ಹಿಂದಿನ ದೊಡ್ಡ ಹಾಯಿಯದು, 7 ಮುಂದಿನ ಸಣ್ಣದರದು. ಈ ಸಾಧಾರಣ ಹಾಯಿಯನ್ನು 1,050 ಕಿಲೋ ಕಬ್ಬಿಣ ಹೊತ್ತು ನಿಲ್ಲುವುದರಿಂದಲೂ, ಒಡಲು ನೀರಿನಿಂದ ಹೆಚ್ಚು ಎತ್ತರಕ್ಕೆ ಏಳದಿರುವುದರಿಂದಲೂ, ಅನೇಕ ದೋಣಿಗಳು ಹಾಯಿ ಮಡಚುವ ಗಾಳಿಯಲ್ಲಿ ಇದು ಪೂರ್ಣ ಹಾಯಿಯಲ್ಲೇ ಎದುರುಗಾಳಿಗೆ ಸಾಗುತ್ತದೆ.

ಕೀಲಿನ ಆಕಾರಕ್ಕೂ ಇದರಲ್ಲಿ ಪಾಲಿದೆ. ಫೋಕ್‌ಬೋಟ್‌ನದು ಉದ್ದ ಕೀಲು, ಅಂದರೆ ಒಡಲಿನೊಂದಿಗೇ ಬೆಸೆದು ದೋಣಿಯ ಉದ್ದದ ಬಹುಪಾಲಿಗೆ ಹರಡಿಕೊಂಡ, ಮುಂದುಗಡೆ ಮಾತ್ರ ಓರೆಯಾಗಿ ಕಡಿದ ಕೀಲು. ಚುಕ್ಕಾಣಿ ಅದರ ಹಿಂಬದಿಯ ಅಂಚಿಗೇ ತಗುಲಿಕೊಂಡಿದೆ. ಇದರಿಂದ ದೋಣಿ ಹಿಡಿದ ದಾರಿಯನ್ನು ಬಿಡದೆ ಸಾಗುತ್ತದೆ, ನೀರಿನಲ್ಲಿ ತೇಲುವ ಬಲೆ ಹಗ್ಗಗಳು ಚುಕ್ಕಾಣಿಗೆ ಸಿಕ್ಕಿಕೊಳ್ಳುವುದು ಕಡಿಮೆ, ತಳ ತಾಗಿದರೂ ಹೊಡೆತ ಚುಕ್ಕಾಣಿಗಲ್ಲದೆ ಕಬ್ಬಿಣಕ್ಕೆ ಬೀಳುತ್ತದೆ. ಬಿರುಗಾಳಿಯಲ್ಲಿ ಮುಂದಿನ ಹಾಯಿಯನ್ನು ವಿರುದ್ಧ ಮಗ್ಗುಲಿಗೆ ಕಟ್ಟಿ, ಚುಕ್ಕಾಣಿಯನ್ನು ಅದಕ್ಕೆ ಎದುರಾಗಿ ಬಿಗಿದು, ದೋಣಿಯನ್ನು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಿಸಿ ವಿಶ್ರಮಿಸುವ ಹಳೆಯ ಉಪಾಯವೊಂದಿದೆ. ಉದ್ದ ಕೀಲಿನ ದೋಣಿಗಳಲ್ಲಿ ಅದು ಸಾಮಾನ್ಯವಾಗಿ ಚೆನ್ನಾಗಿ ಫಲಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ನೀರು ತಾಗುವ ಮೈ ಹೆಚ್ಚಾದ್ದರಿಂದ ಮಂದಗಾಳಿಯಲ್ಲಿ ದೋಣಿ ನಿಧಾನ, ಇಕ್ಕಟ್ಟಾದ ಬಂದರಿನಲ್ಲಿ ತಿರುಗಿಸುವುದು ಕಷ್ಟ, ಯಂತ್ರ ಹಚ್ಚಿ ಹಿಂದಕ್ಕೆ ಸರಿಸುವುದಂತೂ ಅನುಭವಿಗಳಿಗೂ ತಾಳ್ಮೆಯ ಕೆಲಸ. ನೀರಿನ ಗೆರೆಯಲ್ಲಿ ಉದ್ದ 6 ಮೀಟರ್ ಮಾತ್ರ ಇರುವುದರಿಂದ ವೇಗವೂ ಸುಮಾರು 6 ನಾಟ್‌ಗೆ, ಎಂದರೆ ಗಂಟೆಗೆ 11 ಕಿಲೋಮೀಟರಿಗೆ, ಸೀಮಿತವಾಗುತ್ತದೆ.

ಮಗುಚುವಿಕೆಯ ಬಗ್ಗೆ ಹಾಯಿದೋಣಿಯ ಲೋಕ ಗಂಭೀರವಾಗಿ ಯೋಚಿಸುವಂತೆ ಮಾಡಿದ್ದು 1979ರ ಆಗಸ್ಟಿನಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಿನ ಕಡಲಿನಲ್ಲಿ ನಡೆದ ಫಾಸ್ಟ್‌ನೆಟ್ ಸ್ಪರ್ಧೆಯ ದುರಂತ. ಹೊರಟ 303 ದೋಣಿಗಳು ಬಿರುಗಾಳಿಗೆ ಸಿಕ್ಕಿ, ಸ್ಪರ್ಧಿಗಳಲ್ಲಿ 15 ಜನ ಸತ್ತರು. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ಗುರಿ ಮುಟ್ಟಿದ್ದು ‘ಅಸೆಂಟ್’ ಎಂಬ ಒಂದೇ ದೋಣಿ. ಅದು ಡೇವಿಡ್ ಸ್ಯಾಡ್ಲರ್ ವಿನ್ಯಾಸಗೊಳಿಸಿ ಜೆರೆಮಿ ರಾಜರ್ಸ್ ಕಟ್ಟಿದ ‘ಕಾಂಟೆಸ್ಸಾ 32’ ಜಾತಿಯದು. ಇದೇ ಇಬ್ಬರು 1960ರ ದಶಕದಲ್ಲಿ ಫೋಕ್‌ಬೋಟ್‌ನ ಆಕಾರವನ್ನು ಆಧರಿಸಿ ಫೈಬರ್‌ಗ್ಲಾಸಿನ ‘ಕಾಂಟೆಸ್ಸಾ 26’ ರೂಪಿಸಿದವರು. ದೊಡ್ಡ ದೋಣಿಯ ಕೀಲು ಬೇರೆ ಬಗೆಯದಾದರೂ ಕಿರಿದಾದ ಒಡಲು, ಭಾರವಾದ ತಳ ಎಂಬ ನಂಬಿಕೆ ಒಂದೇ. ಎಷ್ಟು ಡಿಗ್ರಿ ವಾಲಿದ ಮೇಲೆ ದೋಣಿ ಮರಳಿ ಏಳುವ ಬದಲು ತಲೆಕೆಳಗಾಗಿ ನಿಲ್ಲಲು ತೊಡಗುತ್ತದೋ ಅದನ್ನು ಸ್ಥಿರತೆ ಅಳಿಯುವ ಕೋನ ಎನ್ನುತ್ತಾರೆ. ಕಾಂಟೆಸ್ಸಾ 32ರಲ್ಲಿ ಇದು 155 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಅಗಲವಾದ ಹಗುರ ದೋಣಿಗಳಲ್ಲಿ 120 ಡಿಗ್ರಿಗೂ ಕೆಳಗಿರುವುದುಂಟು. ಮೊದಲನೆಯದು ಪೂರ್ತಿ ಉರುಳಿದರೂ ಮುಂದಿನ ಅಲೆಯ ಒಂದು ನೂಕಿಗೆ ಎದ್ದು ನಿಲ್ಲುತ್ತದೆ, ಎರಡನೆಯದು ಚಪ್ಪಟೆಯಾದ ಡೆಕ್ಕಿನ ಮೇಲೆ ತೆಪ್ಪದಂತೆ ತಲೆಕೆಳಗಾಗಿಯೇ ಉಳಿಯಬಲ್ಲದು.

ಆ ದುರಂತದ ನಂತರದ ಅಧ್ಯಯನಗಳಿಂದ ಬಂದ ಒಂದು ಸರಳ ಲೆಕ್ಕವನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ದೋಣಿಯ ತೂಕವನ್ನು ಟನ್ನುಗಳಲ್ಲಿ ತೆಗೆದುಕೊಂಡು 1.025ರಿಂದ ಭಾಗಿಸಿದರೆ ಅದು ಸರಿಸುವ ಉಪ್ಪುನೀರಿನ ಗಾತ್ರ ಘನಮೀಟರಿನಲ್ಲಿ ಸಿಗುತ್ತದೆ. ಆ ಗಾತ್ರದ ಘನಮೂಲದಿಂದ ದೋಣಿಯ ಅಗಲವನ್ನು ಭಾಗಿಸಿದಾಗ ಬರುವ ಸಂಖ್ಯೆ 2ಕ್ಕಿಂತ ಕಡಿಮೆಯಿರಬೇಕು. ಫೋಕ್‌ಬೋಟ್‌ಗೆ ಇದು ಸುಮಾರು 1.78 ಬರುತ್ತದೆ. ಆದರೆ ಈ ಲೆಕ್ಕಕ್ಕೆ ಭಾರ ಎಲ್ಲಿದೆಯೆಂಬುದು ಕಾಣುವುದಿಲ್ಲ. ಅದೇ ಕಬ್ಬಿಣವನ್ನು ಡೆಕ್ಕಿನ ಮೇಲಿಟ್ಟರೂ ಉತ್ತರ ಬದಲಾಗದು. ಹೀಗಾಗಿ ಇದನ್ನು ಜರಡಿಯಾಗಿ ಬಳಸಬಹುದೇ ಹೊರತು ತೀರ್ಪಾಗಿ ಅಲ್ಲ. ಒಡೆಯುವ ಅಲೆ ಸಾಕಷ್ಟು ಎತ್ತರವಿದ್ದು ಮಗ್ಗುಲಿಗೆ ಬಡಿದರೆ ಯಾವ ಆಕಾರದ ಸಣ್ಣ ದೋಣಿಯೂ ಉರುಳದೆ ಇರದು ಎಂಬುದು ಅದೇ ಅಧ್ಯಯನಗಳ ಇನ್ನೊಂದು ತಿಳಿವು. 1968–69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಂಟಿಯಾಗಿ ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ‘ಸುಹೈಲಿ’ ಮುಂಬಯಿಯಲ್ಲಿ ತೇಗದಿಂದ ಕಟ್ಟಿದ, ಉದ್ದ ಕೀಲಿನ ಭಾರವಾದ ದೋಣಿ. ಅದರ ಪ್ರತಿರೂಪವಾಗಿ ಗೋವಾದಲ್ಲಿ ಕಟ್ಟಿದ ‘ತುರಿಯಾ’ದಲ್ಲಿ ನೌಕಾಪಡೆಯ ಅಭಿಲಾಷ್ ಟಾಮಿ 2018ರಲ್ಲಿ ಸಾಗುತ್ತಿದ್ದಾಗ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಅದನ್ನೂ ಉರುಳಿಸಿ ಹಾಯಿಮರಗಳನ್ನು ಮುರಿಯಿತು. ಎತ್ತರದಲ್ಲಿರುವ ಹಾಯಿಮರದ ತೂಕ ಹಠಾತ್ತಾದ ಉರುಳುವಿಕೆಯನ್ನು ತಡೆಯುವ ಜಡತ್ವವನ್ನು ಒದಗಿಸುವುದರಿಂದ, ಮರ ಕಳೆದುಕೊಂಡ ದೋಣಿ ಮುಂದಿನ ಅಲೆಗೆ ಇನ್ನೂ ಸುಲಭವಾಗಿ ಉರುಳುತ್ತದೆ. ಹಾಯಿಮರವನ್ನು ನಿಲ್ಲಿಸುವ ತಂತಿಗಳ ಸುಸ್ಥಿತಿಗೆ ಇಷ್ಟು ಮಹತ್ವ ಬರುವುದು ಈ ಕಾರಣದಿಂದಲೂ ಹೌದು.

ಇನ್ನು ಮೂರನೆಯ ಪ್ರಶ್ನೆ. ಚುಕ್ಕಾಣಿ ಹಿಡಿದು ಕೂರುವ ಹಿಂಬದಿಯ ತೆರೆದ ಗುಂಡಿಯನ್ನು ಕಾಕ್‌ಪಿಟ್ ಎನ್ನುತ್ತಾರೆ. ಪಯಣದ ದೋಣಿಗಳಲ್ಲಿ ಇದರ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿದ್ದು, ಅಲೆ ತುಂಬಿದರೆ ಕೊಳವೆಗಳ ಮೂಲಕ ನೀರು ತಾನಾಗಿ ಹೊರಹೋಗಬೇಕು. ಮೂಲ ಫೋಕ್‌ಬೋಟ್‌ನಲ್ಲಿ ಹಾಗಿಲ್ಲ. ಕಾಕ್‌ಪಿಟ್ಟಿಗೆ ಬಿದ್ದ ನೀರು ದೋಣಿಯ ಹೊಟ್ಟೆಗೇ ಇಳಿಯುತ್ತದೆ, ಹೊಟ್ಟೆ ತುಂಬಿದರೆ ಮರದ ತೇಲುವ ಗುಣ ಕಬ್ಬಿಣದ ಭಾರಕ್ಕೆ ಸಾಟಿಯಾಗದೆ ದೋಣಿ ಮುಳುಗುತ್ತದೆ. ಉಳಿದೆಲ್ಲದರಲ್ಲಿ ಇಷ್ಟು ಜಾಣವಾದ ವಿನ್ಯಾಸದಲ್ಲಿ ಇದು ನಿಜವಾದ ದೋಷ. ಬ್ರಿಟನ್ನಿನ ಬ್ಲಾಂಡಿ ಹ್ಯಾಸ್ಲರ್ ತಮ್ಮ ‘ಜೆಸ್ಟರ್’ ಎಂಬ ಫೋಕ್‌ಬೋಟ್‌ನಲ್ಲಿ ಇದನ್ನು ಸರಿಪಡಿಸಿದ ರೀತಿ ಅತ್ಯಂತ ದಿಟ್ಟದ್ದು: ಅವರು ಕಾಕ್‌ಪಿಟ್ಟನ್ನೇ ತೆಗೆದುಹಾಕಿ ಉದ್ದಕ್ಕೂ ಡೆಕ್ಕು ಮುಚ್ಚಿಸಿ, ನಡುವೆ ಒಂದು ದುಂಡು ಕಿಂಡಿಯನ್ನಷ್ಟೇ ಬಿಟ್ಟು, ಅಲ್ಲಿ ನಿಂತೇ ಎಲ್ಲ ಹಗ್ಗಗಳನ್ನೂ ನಿಭಾಯಿಸುವಂತೆ ಮಾಡಿದರು, ಹಾಯಿಯನ್ನೂ ಬದಲಿಸಿ, ಬಿದಿರು ಪರದೆಯಂತೆ ಮಡಚಿಕೊಳ್ಳುವ ಚೀನೀ ಮಾದರಿಯದನ್ನು ಒಂದೇ ಮರಕ್ಕೆ ಕಟ್ಟಿದರು. 1960ರಲ್ಲಿ ನಡೆದ, ಅಟ್ಲಾಂಟಿಕ್ ದಾಟುವ ಮೊದಲ ಒಂಟಿ ಸ್ಪರ್ಧೆಯಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ತಮ್ಮ ದೊಡ್ಡ ದೋಣಿಯಲ್ಲಿ 40 ದಿನಗಳಲ್ಲಿ ನ್ಯೂಯಾರ್ಕ್ ಮುಟ್ಟಿದರೆ, ಹ್ಯಾಸ್ಲರ್ ಈ ಪುಟ್ಟ ದೋಣಿಯಲ್ಲಿ 48 ದಿನಗಳಲ್ಲಿ ತಲುಪಿ ಎರಡನೆಯವರಾದರು.

ಯುರೋಪಿನಲ್ಲಿ 1998ರಿಂದ ಕಡ್ಡಾಯವಾದ ನಿಯಮಗಳು ವಿಹಾರ ದೋಣಿಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. ‘ಬಿ’ ವರ್ಗದ ದೋಣಿ ಬೋಫೋರ್ಟ್ ಮಾಪಕದ 8ರವರೆಗಿನ ಗಾಳಿಗೂ 4 ಮೀಟರಿನ ಅಲೆಗೂ, ‘ಸಿ’ ವರ್ಗದ್ದು 6ರವರೆಗಿನ ಗಾಳಿಗೂ 2 ಮೀಟರಿನ ಅಲೆಗೂ ತಕ್ಕದ್ದಾಗಿರಬೇಕು. ಅದಕ್ಕಿಂತ ಮೇಲಿನ ‘ಎ’ ವರ್ಗಕ್ಕೆ ಸ್ಥಿರತೆಯ ಅಂತರರಾಷ್ಟ್ರೀಯ ಮಾನದಂಡ ಕನಿಷ್ಠ 3 ಟನ್ ತೂಕವನ್ನು ಕೇಳುವುದರಿಂದ ಫೋಕ್‌ಬೋಟ್ ತೂಕವೊಂದರಿಂದಲೇ ಹೊರಗುಳಿಯುತ್ತದೆ. ವರ್ಗದ ಅಕ್ಷರ ಕನಿಷ್ಠ ಮಟ್ಟವನ್ನಷ್ಟೇ ಹೇಳುತ್ತದೆ. ಒಂದೇ ಅಕ್ಷರದ ಎರಡು ದೋಣಿಗಳು ಗಾಳಿ ತಳ್ಳುವ ದಡದ ಮುಂದೆ ತೀರಾ ಬೇರೆಯಾಗಿ ವರ್ತಿಸಬಹುದೆಂಬುದನ್ನು ಕೊಳ್ಳುವವರು ಮರೆಯಬಾರದು.

ಹಳೆಯ ಮರದ ಫೋಕ್‌ಬೋಟ್ ಅಥವಾ ಅದರ ಜಾತಿಯ ದೋಣಿಯನ್ನು ಕೊಳ್ಳಲು ಹೊರಟವರು ಪರೀಕ್ಷೆಯನ್ನು ಅಡಿಯಿಂದ ಆರಂಭಿಸಬೇಕು. ಕೀಲಿನ ಕಬ್ಬಿಣವನ್ನು ಹಿಡಿದ ಬೋಲ್ಟುಗಳು ಹೊರಗಿನಿಂದ ಗಟ್ಟಿಯಾಗಿ ಕಂಡರೂ ಮರದೊಳಗೆ ತುಕ್ಕು ತಿಂದು ಸಣಕಲಾಗಿರಬಹುದು, ಆದ್ದರಿಂದ ಒಂದೆರಡನ್ನಾದರೂ ಹೊರತೆಗೆಸಿ ನೋಡಬೇಕು. ಕೀಲಿಗೆ ತಾಗಿದ ಮೊದಲ ಹಲಗೆಯ ಸಂದು ಬಾಯಿಬಿಟ್ಟಿದೆಯೇ, ಒಡಲು ದುಂಡಗೆ ತಿರುಗುವಲ್ಲಿ ಓಕ್ ಪಕ್ಕೆಗಳು ಬಿರುಕುಬಿಟ್ಟಿವೆಯೇ ಎಂಬುದನ್ನು ಒಳಗಿನಿಂದ ದೀಪ ಹಿಡಿದು ಒಂದೊಂದಾಗಿ ಪರಿಶೀಲಿಸಬೇಕು. ಮರವನ್ನು ಕೊಳೆಸುವುದು ಉಪ್ಪುನೀರಿಗಿಂತ ಮಳೆನೀರು. ಡೆಕ್ಕಿನ ಅಂಚು, ಹಿಂಬದಿಯ ಹಲಗೆಯ ಮೇಲ್ತುದಿ, ಹಾಯಿಮರ ನಿಂತ ಜಾಗ ಇವುಗಳನ್ನು ಚೂಪಾದ ಉಪಕರಣದಿಂದ ಮೆಲ್ಲನೆ ಚುಚ್ಚಿ ನೋಡಿದರೆ ಮೆದುವಾದ ಭಾಗ ಪತ್ತೆಯಾಗುತ್ತದೆ. ಫೈಬರ್‌ಗ್ಲಾಸಿನ ದೋಣಿಯಾದರೆ ಡೆಕ್ಕನ್ನು ಮರದ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಖಣಖಣ ಸದ್ದು ಇದ್ದಕ್ಕಿದ್ದಂತೆ ಮಂಕಾದಲ್ಲಿ ಪದರಗಳ ನಡುವೆ ನೀರು ಸೇರಿದೆಯೆಂದು ತಿಳಿಯಬೇಕು. ಹಾಯಿಮರದ ತಂತಿಗಳಿಗೆ ಹತ್ತು ಹದಿನೈದು ವರ್ಷ ದಾಟಿದ್ದರೆ ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಸೇರಿಸಿಕೊಳ್ಳಬೇಕು, ತಂತಿಯನ್ನು ಒಡಲಿಗೆ ಹಿಡಿದ ಲೋಹದ ಪಟ್ಟಿಗಳನ್ನೂ ಬಿಚ್ಚಿಸಿ ನೋಡಬೇಕು.

ಕಾಕ್‌ಪಿಟ್ ನೀರು ತಾನಾಗಿ ಹೊರಹಾಕುವಂಥದ್ದೆಂದು ಮಾರುವವರು ಹೇಳಿದರೆ, ಬಕೆಟ್ಟುಗಳಿಂದ ಅದನ್ನು ತುಂಬಿಸಿ ಎಷ್ಟು ಹೊತ್ತಿನಲ್ಲಿ ಖಾಲಿಯಾಗುತ್ತದೆಂದು ಗಡಿಯಾರ ಹಿಡಿದು ನೋಡುವುದು ಒಳ್ಳೆಯದು. ಮೂಲ ಮಾದರಿಯದಾದರೆ ಕೋಣೆಯ ಬಾಗಿಲಿಗೆ ಅಲೆಯ ಹೊಡೆತಕ್ಕೂ ಕಳಚದಂತೆ ಚಿಲಕವಿರುವ ದಪ್ಪ ಹಲಗೆಗಳು, ಚುಕ್ಕಾಣಿ ಬಿಡದೆಯೇ ಒತ್ತಬಹುದಾದ ದೊಡ್ಡ ಕೈಪಂಪು, ಒಳಗಿನಿಂದ ಒತ್ತಬಹುದಾದ ಇನ್ನೊಂದು ಪಂಪು, ಒರಟು ನೀರಿನಲ್ಲಿ ಕಾಕ್‌ಪಿಟ್ಟಿನ ಬಹುಭಾಗವನ್ನು ಮುಚ್ಚುವ ಗಟ್ಟಿ ಬಟ್ಟೆಯ ಹೊದಿಕೆ ಇವು ಅಲಂಕಾರಗಳಲ್ಲ, ದೋಣಿಯ ಅಂಗಗಳು. ಲಂಗರು ಸಹ ಹಾಗೆಯೇ. ಹಾಯಿಯೂ ಯಂತ್ರವೂ ಸೋತಾಗ ದಡದಿಂದ ದೂರ ಹಿಡಿದಿಡುವುದು ಅದೊಂದೇ ಆದ್ದರಿಂದ, ಸರಪಳಿ ಕಟ್ಟಿದ ಗಟ್ಟಿ ಲಂಗರನ್ನು ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗದೊಂದಿಗೆ ತಕ್ಷಣ ಇಳಿಸುವಂತೆ ಮುಂಭಾಗದಲ್ಲೇ ಇಟ್ಟಿರಬೇಕು.

ಒಳಗೆ ನೆಟ್ಟಗೆ ನಿಲ್ಲಲಾಗದು, ಕೂರಲಷ್ಟೇ ಎತ್ತರವಿದೆ ಎಂಬ ಕಾರಣಕ್ಕೆ ಫೋಕ್‌ಬೋಟ್ ಜಾತಿಯನ್ನು ಬಿಡುವವರು ಬಹಳ. ಎತ್ತರದ ಕೋಣೆ ಬೇಕೆಂದರೆ ಗಾಳಿ ತಾಗುವ ಮೈಯೂ ಬೆಳೆಯುತ್ತದೆ, ಅದನ್ನು ಹೊರಲು ಅಗಲ ಅಥವಾ ಉದ್ದ ಬೆಳೆಯಬೇಕಾಗುತ್ತದೆ. ಏಳೂವರೆ ಮೀಟರಿನೊಳಗೆ ನಿಲ್ಲುವ ಎತ್ತರವನ್ನೂ ಎದುರುಗಾಳಿಯ ಶಕ್ತಿಯನ್ನೂ ಒಟ್ಟಿಗೆ ಪಡೆಯುವುದು ಕಷ್ಟ. ಯಾವುದನ್ನು ಕೊಳ್ಳುವುದೆಂಬ ತೀರ್ಮಾನಕ್ಕೆ ಮುನ್ನ ದೋಣಿಯನ್ನು ಗಾಳಿ 20 ನಾಟ್‌ಗೆ ಹತ್ತಿರವಿರುವ ದಿನವೇ ನೀರಿಗೆ ಒಯ್ಯಬೇಕು. ದೊಡ್ಡ ಹಾಯಿಯನ್ನು ಒಂದು ಮಡಿಕೆ ಕುಗ್ಗಿಸಿ, ಯಂತ್ರವನ್ನು ಪೂರ್ತಿ ನಿಲ್ಲಿಸಿ, ದಡದ ಮೇಲಿನ ಎರಡು ಸ್ಥಿರ ಗುರುತುಗಳನ್ನು ಆರಿಸಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಒಂದು ಗಂಟೆ ಕಾಲ ಗಾಳಿಗೆ ಎದುರಾಗಿ ಸಾಗಿ, ಆ ಗುರುತುಗಳಿಂದ ದೋಣಿ ಎಷ್ಟು ದೂರ ಸರಿದಿದೆಯೆಂದು ನಕ್ಷೆಯ ಮೇಲೆ ಅಳೆಯಬೇಕು.